ಐವತ್ತು ಲಕ್ಷ ಪ್ರಜೆಗಳು, ಒಂದು ಹುಣಸೆ ಮರ

ಹೋದ ತಿಂಗಳು ನಾನೊಂದು ದೇಶ ಕಟ್ಟಿದೆ. ಹತ್ತು ನಿಮಿಷ ಹಿಡೀತು. ಹೆಸರು ನಮ್ಮೂರಿನದೇ, ರಾಷ್ಟ್ರಪ್ರಾಣಿ ಎಮ್ಮೆ, ನಾಣ್ಯ ಪಾವಲಿ. ಧ್ಯೇಯವಾಕ್ಯ ಏನು ಅಂತ ಕೇಳ್ತು, 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂತ ಟೈಪ್ ಮಾಡಿದೆ. ಎಂಟರ್ ಒತ್ತಿದ ಕೂಡಲೇ ಐವತ್ತು ಲಕ್ಷ ಪ್ರಜೆಗಳು ಹುಟ್ಟಿಬಿಟ್ಟರು.

ಆಟದ ಹೆಸರು ನೇಷನ್‌ಸ್ಟೇಟ್ಸ್. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತನ್ನ 'ಜೆನಿಫರ್ ಗವರ್ನ್‌ಮೆಂಟ್' ಕಾದಂಬರಿಯ ಪ್ರಚಾರಕ್ಕೆಂದು 2002ರಲ್ಲಿ ಶುರು ಮಾಡಿದ್ದು. ಬಂದೂಕಿಲ್ಲ, ಗ್ರಾಫಿಕ್ಸ್ ಇಲ್ಲ, ಬರೀ ಓದೋದು. ದಿನಾ ಒಂದಷ್ಟು ಸಮಸ್ಯೆಗಳು ಮೇಜಿಗೆ ಬರುತ್ತವೆ. ಒಂದೊಂದಕ್ಕೂ ಮೂರ್ನಾಲ್ಕು ಜನ ಸಲಹೆ ಕೊಡುತ್ತಾರೆ, ಎಲ್ಲರದ್ದೂ ಒಂದು ಕೈ ಜಾಸ್ತಿಯೇ. ಯಾರದಾದರೂ ಒಂದನ್ನು ಒಪ್ಪಬೇಕು, ಇಲ್ಲಾಂದ್ರೆ ಸಮಸ್ಯೆಯನ್ನೇ ತಳ್ಳಿಹಾಕುವ ಬಟನ್ ಒಂದಿದೆ. ನಾಗರಿಕ ಹಕ್ಕು, ಆರ್ಥಿಕತೆ, ರಾಜಕೀಯ ಸ್ವಾತಂತ್ರ್ಯ ಈ ಮೂರರ ಏರಿಳಿತ ನೋಡಿ ಆಟ ನಿಮ್ಮ ದೇಶಕ್ಕೊಂದು ಬಿರುದು ಕೊಡುತ್ತದೆ. (ಆಟದೊಳಗೆ ಮೊದಲು ಒಂದು 'ವಿಶ್ವಸಂಸ್ಥೆ'ಯೂ ಇತ್ತು. ನಿಜವಾದ ವಿಶ್ವಸಂಸ್ಥೆ ಆ ಹೆಸರು ಬಳಸಬೇಡಿ ಅಂತ ಪತ್ರ ಕಳಿಸಿ, 2008ರಲ್ಲಿ ಅದು 'ವರ್ಲ್ಡ್ ಅಸೆಂಬ್ಲಿ' ಆಯ್ತು. ಸುಳ್ಳು ದೇಶಗಳಿಗೂ ನಿಜದ ನೋಟೀಸ್ ತಪ್ಪಿದ್ದಲ್ಲ.)

ನಾನೇನೋ ಪರಮ ಪ್ರಜಾಪ್ರಭುತ್ವವಾದಿ ಅಂದುಕೊಂಡು ಶುರು ಮಾಡಿದೆ. ಆಫೀಸಿನ ಊಟದ ಟೇಬಲ್ಲಿನಲ್ಲಿ ಸಂವಿಧಾನದ ಬಗ್ಗೆ ಗಂಟಲು ಹರಿದುಕೊಳ್ಳುವವನು ನಾನೇ. ಎರಡನೇ ವಾರಕ್ಕೆ ಆರ್ಥಿಕತೆಯ ಗೆರೆ ಬಗ್ಗತೊಡಗಿತು. ಅಷ್ಟರಲ್ಲಿ ದೇಶದಲ್ಲಿ ಯುರೇನಿಯಂ ಸಿಕ್ಕಿದ ಸುದ್ದಿ ಬಂತು, ಅಗೆಯೋದಾ ಬೇಡ್ವಾ? ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ಇದೆ, ಅಲ್ಲಿನವರು ಗಣಿ ಬೇಡ ಅಂದಾಗ ನಾನು ಫೇಸ್‌ಬುಕ್ಕಿನಲ್ಲಿ ಅವರ ಪರ ಬರೆದವನು. ಆಟದಲ್ಲಿ ಅರ್ಧ ನಿಮಿಷವೂ ಯೋಚಿಸದೆ ಅಗೆಯಿರಿ ಅಂದೆ. ಗೆರೆ ಮೇಲೇರಿತು. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ಆಟ ತಾನೇ, ಅದರಲ್ಲೇನಿದೆ ಅಂತ ನೀವನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಅಪ್ಪನ ಫೋನ್ ಬರುವವರೆಗೆ.

"ಮಗಾ, ಸರ್ವೇಯೋರು ಬಂದು ತೋಟದಾಗೆ ಕಲ್ಲು ನೆಟ್ಟು ಹೋದ್ರು ಕಣೋ. ರಸ್ತೆ ಅಗಲ ಮಾಡ್ತಾರಂತೆ."

ನನ್ನ ಬಾಯಿಂದ ಬಂದ ಮೊದಲ ಮಾತು: "ಪರಿಹಾರ ಎಷ್ಟಂತೆ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತೆಂಗಿಗೆ ಇಷ್ಟು ಅಂತ ಲೆಕ್ಕ ಐತಂತೆ. ನಿಮ್ಮಜ್ಜಿ ನೆಟ್ಟ ಹುಣಸೆ ಮರಕ್ಕೆ ಎಷ್ಟು ಬರೆಸ್ಲಿ, ನೀನೇ ಹೇಳು" ಅಂದರು.

ಹೇಳೋಕಾಗಲಿಲ್ಲ.

ಜಾನ್ ರಾಲ್ಸ್ ಅನ್ನೋ ಅಮೆರಿಕದ ತತ್ವಶಾಸ್ತ್ರಜ್ಞ 1971ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಒಂದು ಉಪಾಯ ಹೇಳುತ್ತಾನೆ: ಸಮಾಜದ ನಿಯಮ ಮಾಡುವಾಗ, ಆ ಸಮಾಜದಲ್ಲಿ ನೀವು ಯಾರಾಗಿ ಹುಟ್ಟುತ್ತೀರಿ ಅನ್ನೋದು ನಿಮಗೆ ಗೊತ್ತಿಲ್ಲ ಅಂದುಕೊಂಡು ಮಾಡಿ. ಸಾಹುಕಾರನೋ ಕೂಲಿಯೋ, ಹೇಳೋಕಾಗಲ್ಲ. ಈ ಆಟ ಅದನ್ನೇ ತಲೆಕೆಳಗು ಮಾಡಿದ ಹಾಗಿದೆ. ನಾನು ಯಾರಾಗಿರುತ್ತೇನೆ ಅಂತ ಇಲ್ಲಿ ಮೊದಲ ದಿನದಿಂದಲೂ ಗೊತ್ತು, ಯಾವತ್ತೂ ಕಲ್ಲು ನೆಡಿಸುವವನು. ನನ್ನ ತೋಟಕ್ಕೆ ಕಲ್ಲು ಬೀಳುವ ಸಾಧ್ಯತೆಯೇ ಇಲ್ಲ. ಅಂಥ ಜಾಗದಲ್ಲಿ ಮೂರು ವಾರ ಕೂತಿದ್ದಕ್ಕೇ ನಾನು ಹೀಗಾದೆನಾ, ಅಥವಾ ಮೊದಲಿನಿಂದಲೂ ಹೀಗೇ ಇದ್ದು ಆಟ ತೋರಿಸಿಕೊಟ್ಟಿತಾ? ಎರಡನೆಯದೇ ಇರಬೇಕು ಅಂತ ಅನುಮಾನ. ಕೆಲಸದಲ್ಲೂ ನಾನು ದಿನಾ ಮಾಡೋದು ಇದೇ. ಮೊಬೈಲ್ ನಂಬರ್ ಕಡ್ಡಾಯ ಅಂತ ಒಂದು ಸಾಲು ಕೋಡ್ ಬರೆದರೆ, ಮೊಬೈಲ್ ಇಲ್ಲದ ಯಾರೋ ಎಲ್ಲೋ ಕೌಂಟರಿನಿಂದ ವಾಪಸ್ ಹೋಗುತ್ತಾರೆ. ಅವರ ಮುಖ ನನ್ನ ಸ್ಕ್ರೀನಿಗೆ ಬರುವುದಿಲ್ಲ.

ಹಾಗಂತ ರಸ್ತೆ ಬೇಡ ಅನ್ನುವ ಧೈರ್ಯವೂ ನನಗಿಲ್ಲ. ಅದೇ ಅಜ್ಜಿಗೆ ರಾತ್ರಿ ಎದೆನೋವು ಬಂದಾಗ ಆ ಗುಂಡಿ ಬಿದ್ದ ರಸ್ತೆಯಲ್ಲಿ ತಾಲೂಕು ಆಸ್ಪತ್ರೆ ಮುಟ್ಟೋಕೆ ಒಂದೂವರೆ ಗಂಟೆ ಹಿಡಿದಿತ್ತು. ಮುಟ್ಟಿದ ಮೇಲೆ ಮಾಡೋಕೆ ಏನೂ ಉಳಿದಿರಲಿಲ್ಲ. ಇಡೀ ಹೋಬಳಿಯ ಲೆಕ್ಕ ಹಾಕಿದರೆ ರಸ್ತೆ ಆಗಲೇಬೇಕು. ಲೆಕ್ಕ ಹಾಕುವವನು ಕೆಟ್ಟವನೇನಲ್ಲ, ಯಾರಾದರೂ ಹಾಕಲೇಬೇಕಲ್ಲ. ಆದರೆ ಅವನು ಒಂದು ಸಲ ಬಂದು ಮರದ ಕೆಳಗೆ ಕೂತು, ಅಪ್ಪನ ಮಾತು ಕೇಳಿ, ಆಮೇಲೂ ರಸ್ತೆ ಆಗಲಿ ಅಂದರೆ ಅದು ಬೇರೆ. ಫಲಿತಾಂಶ ಅದೇ ಆದರೂ ಬೇರೆಯೇ ಅಂತ ನನಗನ್ನಿಸುತ್ತದೆ. ಯಾಕೆ ಅಂತ ಕೇಳಿದರೆ ಸರಿಯಾದ ವಾದ ಕೊಡಲಾರೆ.

ದೇಶದ ಕಡೆ ಹೋಗದೆ ಹತ್ತು ದಿನ ಆಯ್ತು. 28 ದಿನ ಲಾಗಿನ್ ಆಗದಿದ್ದರೆ ದೇಶವೇ ಇಲ್ಲವಾಗುತ್ತೆ, ಐವತ್ತು ಲಕ್ಷ ಜನರಲ್ಲಿ ಒಬ್ಬರೂ ಫೋನ್ ಮಾಡಲ್ಲ. ಅಪ್ಪ ಮಾತ್ರ ನಿನ್ನೆ ಮತ್ತೆ ಮಾಡಿದ್ದರು. ಒಪ್ಪಿಗೆ ಪತ್ರಕ್ಕೆ ನನ್ನದೂ ಸಹಿ ಬೇಕಂತೆ, ಭಾನುವಾರ ಬಾ ಅಂದರು. ಬಸ್ ಬುಕ್ ಮಾಡಿದ್ದೀನಿ. ಪೆನ್ನು ಅಲ್ಲೇ ಇರುತ್ತಂತೆ.