ಜ್ವರ ಮುಚ್ಚಿಡುವುದು ನಂಬಿಕೆಯೋ?

ಬೆಂಗಳೂರಿಂದ ಯೂತ್ ಟ್ರಿಪ್ ಅಂತ ನೆಲ್ಯಾಡಿ ದಾಟಿ ಉಪ್ಪಿನಂಗಡಿ ಕಡೆ ಹೋಗ್ತೀರಿ. ಹೊಳೆ, ದೋಣಿ, ನೀರಾಟ. ವಾರ ಬಿಟ್ಟು ಒಬ್ಬನಿಗೆ ಜ್ವರ, ಮೀನಖಂಡದಲ್ಲಿ ನೋವು. ಗ್ರೂಪಲ್ಲಿ ಹೇಳೋದಿಲ್ಲ. “ಪ್ರಾರ್ಥನೆ ಮಾಡಿದ್ದೇನೆ, ಬಾಯಿಬಿಟ್ಟರೆ ಅವಿಶ್ವಾಸ” ಅಂತಾನೆ.

ಇಲಿಜ್ವರ ದಕ್ಷಿಣ ಕನ್ನಡಕ್ಕೆ ಹೊಸದಲ್ಲ. ಇಲಿ, ದನಗಳ ಮೂತ್ರ ಸೇರಿದ ನೀರು ಸಣ್ಣ ಗಾಯಕ್ಕೆ ತಾಗಿದರೂ ಸಾಕು. ಸಾಮಾನ್ಯವಾಗಿ 5ರಿಂದ 14 ದಿನ ಬಿಟ್ಟು ಕಾಣಿಸಿಕೊಳ್ಳುತ್ತೆ. ಅಷ್ಟರಲ್ಲಿ ದೋಣಿಯಲ್ಲಿದ್ದವರೆಲ್ಲ ಚದುರಿರ್ತಾರೆ. 2000ರಲ್ಲಿ ಮಲೇಷ್ಯಾದ ಸಬಾದಲ್ಲಿ ನಡೆದ ಇಕೋ-ಚಾಲೆಂಜ್ ಸ್ಪರ್ಧೆಯಲ್ಲಿ ಹೀಗೇ ಆಯಿತು. 26 ದೇಶದ 304 ಜನ ಮನೆ ಸೇರಿದ್ದರು. ಆಮೇಲೆ ಸಂಪರ್ಕಕ್ಕೆ ಸಿಕ್ಕ 189 ಮಂದಿಯಲ್ಲಿ 80 ಜನರಿಗೆ ಇದೇ ಕಾಯಿಲೆಯ ಲಕ್ಷಣ! ಅಲ್ಲಲ್ಲಿ ಕೆಲವರು ವೈದ್ಯರಿಗೆ ಹೇಳಿಕೊಂಡದ್ದರಿಂದ ನದಿಯ ನೀರಿನ ಮೇಲೆ ಅನುಮಾನ ಬಂತು.

ಪೌಲನ ಕೈಯಿಂದ ಎಷ್ಟೋ ಜನ ಗುಣವಾದರು. ಆದರೂ ಜೊತೆ ಪ್ರಯಾಣಿಕ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದದ್ದನ್ನು ತಿಮೊಥೆಗೆ ಬರೆದನು, ಹೆಸರು ಸಹಿತ. ನಾಚಿಕೆಪಡಲಿಲ್ಲ. ನಮಗೇಕೆ ನಾಚಿಕೆ? ಸಾಕ್ಷಿ ಕೆಡುತ್ತೆ ಅಂತಲೋ? “ನನ್ನ ಜ್ವರ, ನನ್ನ ವಿಷಯ” ಅನ್ನಬಹುದು. ಆದರೆ ಪಕ್ಕ ಕೂತಿದ್ದ ತಂಗಿ ಬರೀ ಪ್ಯಾರಾಸಿಟಮಾಲ್ ನುಂಗಿ ಮಲಗಿರ್ತಾಳೆ. ಬೇಗ ಗೊತ್ತಾದರೆ ಇದಕ್ಕೆ ಆಂಟಿಬಯೋಟಿಕ್ ಉಂಟು, ತಡವಾದರೆ ಕಿಡ್ನಿ, ಲಿವರ್‌ಗೆ ಅಪಾಯ.

ಡಾಕ್ಟರಿಗೆ ಹೊಳೆಗಿಳಿದದ್ದನ್ನು ಹೇಳಿ. ಗ್ರೂಪಿಗೆ ಇವತ್ತೇ ಮೆಸೇಜ್ ಹಾಕಿ. ಆಮೇಲೆ ಪ್ರಾರ್ಥನೆಗೆ ಕೂರೋಣ.