‘ಅಂತೆ’ ಮತ್ತು ‘ಕಂಡಂತೆ’

ಸಿನಿಮಾ ಮುಗಿದ ಮೇಲೆ ಶುರುವಾಗುವ ಇನ್ನೊಂದು ಸಿನಿಮಾ ಇದೆ. ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರಾದಿಂದ ಶಿರಾ, ಪಾವಗಡಗಳಿಗೆ ಓಡಾಡುವ ನಮ್ಮ ಹುಡುಗರ ಬಾಯಲ್ಲಿ ಅದನ್ನು ಕೇಳಬಹುದು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ವಾದ ನಡೆಯುತ್ತದೆ. ನಿಜವಾಗಿ ತಪ್ಪು ಮಾಡಿದವನು ಯಾರು? ತೆರೆಯ ಮೇಲೆ ತೋರಿಸದ ಆ ರಾತ್ರಿ ಏನಾಯಿತು?

2014ರಲ್ಲಿ ಬಂದ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಇಂಥ ವಾದಕ್ಕೆ ಹೇಳಿ ಮಾಡಿಸಿದ ಚಿತ್ರ. ಮಲ್ಪೆಯ ಕಡಲತೀರದ ಒಂದು ಅಪರಾಧದ ಕಥೆಯನ್ನು ಅದು ಬೇರೆ ಬೇರೆಯವರ ಕಣ್ಣಿನಿಂದ ತುಂಡು ತುಂಡಾಗಿ ಹೇಳುತ್ತದೆ. ರೆಜಿನಾ ಎಂಬ ಪತ್ರಕರ್ತೆ ಆ ತುಂಡುಗಳನ್ನು ಒಟ್ಟುಮಾಡಲು ಹೊರಡುತ್ತಾಳೆ. ಎಲ್ಲವನ್ನೂ ಜೋಡಿಸಿದರೂ ನಡುವೆ ಬಿರುಕು ಉಳಿಯುತ್ತದೆ. ಆ ಬಿರುಕುಗಳನ್ನು ತುಂಬುವುದರಲ್ಲಿ ಅಭಿಮಾನಿಗಳು ಇನ್ನೂ ದಣಿದಿಲ್ಲ.

ಇದಕ್ಕಿಂತ ಹಳೆಯ ಉದಾಹರಣೆ 1946ರ ಹಾಲಿವುಡ್ ಚಿತ್ರ ‘ದಿ ಬಿಗ್ ಸ್ಲೀಪ್’. ಅದರಲ್ಲಿ ಶ್ರೀಮಂತ ಮನೆತನವೊಂದರ ಕಾರು ಚಾಲಕ ಕಾರಿನೊಂದಿಗೆ ಸಮುದ್ರದಲ್ಲಿ ಸತ್ತು ಸಿಗುತ್ತಾನೆ. ಕೊಲೆಯೋ, ಆತ್ಮಹತ್ಯೆಯೋ? ಚಿತ್ರ ಹೇಳುವುದಿಲ್ಲ. ಚಿತ್ರೀಕರಣದ ಹೊತ್ತಿಗೇ ಈ ಪ್ರಶ್ನೆ ಎದ್ದು, ಮೂಲ ಕಾದಂಬರಿ ಬರೆದ ರೇಮಂಡ್ ಚಾಂಡ್ಲರ್‌ಗೆ ತಂತಿ ಕಳಿಸಿ ಕೇಳಿದರು. ತಮಗೂ ಗೊತ್ತಿಲ್ಲ ಎಂದು ಅವರು ಉತ್ತರಿಸಿದರು. ಕಥೆ ಕಟ್ಟಿದವರಿಗೇ ಗೊತ್ತಿಲ್ಲದ ಪ್ರಶ್ನೆಗೆ ಜನ ಇಂದಿಗೂ ಉತ್ತರ ಹುಡುಕುತ್ತಿದ್ದಾರೆ.

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಆ ಚಾಲಕ ಎಂದೂ ಬದುಕಿರಲಿಲ್ಲ. ಅವನಿಗೆ ತಾಯಿಯಿಲ್ಲ, ಹೆಂಡತಿಯಿಲ್ಲ, ಶಾಲೆಗೆ ಹೋಗುವ ಮಕ್ಕಳಿಲ್ಲ. ನಮ್ಮ ಊಹೆ ತಪ್ಪಾದರೆ ಯಾರ ಮನೆಯಲ್ಲೂ ಅಳು ಕೇಳಿಸುವುದಿಲ್ಲ. ಕಥೆಯಲ್ಲಿನ ಮೌನದ ಹಿಂದೆ ಸತ್ಯ ಅಡಗಿ ಕುಳಿತಿಲ್ಲ. ಅಲ್ಲಿ ಖಾಲಿ ಜಾಗವಿದೆ, ಅಷ್ಟೇ. ಆ ಜಾಗದಲ್ಲಿ ಆಟವಾಡುವುದಕ್ಕೆ ಅಡ್ಡಿಯಿಲ್ಲ.

ಅದೇ ಆಟವನ್ನು ಊರಿನೊಳಗೆ ತಂದಾಗ ಅದು ಆಟವಾಗಿ ಉಳಿಯುವುದಿಲ್ಲ. ನಮ್ಮ ಸೀಮೆಗೆ ಬರ ಹೊಸದಲ್ಲ. ಮಳೆ ಕೈಕೊಟ್ಟು, ಶೇಂಗಾ ಒಣಗಿ, ಕೊಳವೆಬಾವಿ ಬತ್ತಿ, ಸಾಲ ಬೆಳೆದು ಪ್ರಾಣ ಕಳೆದುಕೊಂಡ ರೈತರ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ. ಒಬ್ಬಾತ ಬೆಳಿಗ್ಗೆ ಬಾವಿಯಲ್ಲಿ ಸಿಕ್ಕನೆನ್ನಿ. ಕಾಲು ಜಾರಿತೋ, ತಾನೇ ಇಳಿದನೋ ಕಂಡವರಿಲ್ಲ. ಮಣ್ಣು ಮಾಡಿ ಕೈ ತೊಳೆಯುವಷ್ಟರಲ್ಲಿ ಕಥೆ ತಯಾರಾಗಿರುತ್ತದೆ. ಕುಡಿಯುತ್ತಿದ್ದನಂತೆ. ಮನೆಯಲ್ಲಿ ಜಗಳವಾಗಿತ್ತಂತೆ. ಹೆಂಡತಿಯದೇ ಏನೋ ಇತ್ತಂತೆ. ಕನ್ನಡದ ‘ಅಂತೆ’, ತೆಲುಗಿನ ‘ಅಂಟ’ ಎರಡೂ ಒಂದೇ ಕೆಲಸ ಮಾಡುತ್ತವೆ: ಮಾತು ಆಡಿದ ಸುಖ ನಮಗೆ, ಹೊಣೆ ಯಾರಿಗೂ ಇಲ್ಲ.

ಸಿನಿಮಾದ ಹೆಸರಿನಲ್ಲಿರುವುದು ‘ಕಂಡಂತೆ’. ಅಲ್ಲಿ ಕನಿಷ್ಠ ಒಬ್ಬರು ಕಂಡಿರಬೇಕು. ಊರಿನ ‘ಅಂತೆ’ಗೆ ಆ ಹಂಗೂ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಾಣದ್ದನ್ನು ಪ್ರಮಾಣ ಮಾಡುವ ನಮಗೆ ಅವರು ಏನನ್ನುತ್ತಿದ್ದರೋ! ಸಿನಿಮಾದ ಊಹೆ ಹೊಸ ಚಿತ್ರ ಬಂದರೆ ಮರೆತುಹೋಗುತ್ತದೆ. ಬಾವಿಯ ಕಥೆ ಆ ಮನೆಯ ಮಗಳಿಗೆ ಗಂಡು ಹುಡುಕುವಾಗ ಮತ್ತೆ ಎದ್ದು ಬರುತ್ತದೆ.

ಹಾಗಾದರೆ ಏನನ್ನೂ ಕೇಳಬಾರದೇ? ಇಲ್ಲಿ ಎಚ್ಚರ ಬೇಕು. ನಮಗೇಕೆ ಎಂದು ಸುಮ್ಮನಿದ್ದು ಅನ್ಯಾಯವನ್ನು ಮುಚ್ಚಿಹಾಕಿದ್ದೂ ಊರುಗಳಲ್ಲಿ ಉಂಟು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ವಿಚಾರಣೆ ನಡೆಯಬೇಕೆಂದು ಕಾನೂನು ಹೇಳುವುದು ಅದಕ್ಕಾಗಿಯೇ. ಆದರೆ ವಿಚಾರಿಸುವುದೇ ಬೇರೆ, ಊಹಿಸುವುದೇ ಬೇರೆ. ವಿಚಾರಿಸುವವರು ಕಂಡವರ ಬಳಿಗೆ ಹೋಗುತ್ತಾರೆ, ಆರೋಪ ಹೊತ್ತವರ ಮಾತನ್ನೂ ಕೇಳುತ್ತಾರೆ, ತಮ್ಮ ಹೆಸರು ಹಾಕಿ ಸಹಿ ಮಾಡುತ್ತಾರೆ. ಊಹಿಸುವವರಿಗೆ ಇದ್ಯಾವುದೂ ಬೇಡ. ನಮ್ಮ ಬಳಿ ಸಾಕ್ಷ್ಯವಿದ್ದರೆ ಠಾಣೆಯಲ್ಲಿ, ನ್ಯಾಯಾಲಯದಲ್ಲಿ ನುಡಿಯೋಣ. ಇಲ್ಲದಿದ್ದರೆ ಟೀ ಅಂಗಡಿಯಲ್ಲೂ ನುಡಿಯುವುದು ಬೇಡ.

ಧರ್ಮಸಭೆಯೂ ಈ ವಿಷಯದಲ್ಲಿ ದೂರ ನಡೆದು ಬಂದಿದೆ. ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ 1917ರ ಧರ್ಮಸಭಾ ಕಾನೂನು ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಹೊಸ ಕಾನೂನಿನಲ್ಲಿ ಆ ನಿಷೇಧವಿಲ್ಲ. ಪ್ರಾಣ ಕಳೆದುಕೊಳ್ಳುವುದು ಸರಿ ಎಂದು ಇದರ ಅರ್ಥವಲ್ಲ. ತೀವ್ರ ಯಾತನೆ, ಭಯ, ಮನಸ್ಸಿನ ಕಾಯಿಲೆ ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು. ಅಂಥವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದು ಎಂದು ಕಥೋಲಿಕ ಧರ್ಮೋಪದೇಶ ತಿಳಿಸುತ್ತದೆ. ಫ್ರಾನ್ಸಿನ ಆರ್ಸ್ ಊರಿನ ಗುರು ಸಂತ ಜಾನ್ ಮರಿಯ ವಿಯಾನ್ನಿಯವರ ಬಗ್ಗೆ ಒಂದು ಪ್ರಸಂಗವನ್ನು ಹೇಳುತ್ತಾರೆ. ಸೇತುವೆಯಿಂದ ಹಾರಿ ಸತ್ತವನೊಬ್ಬನ ವಿಧವೆ ಕಂಗೆಟ್ಟು ಅವರಲ್ಲಿಗೆ ಬಂದಳಂತೆ. ಸೇತುವೆಗೂ ನೀರಿಗೂ ನಡುವೆ ಪಶ್ಚಾತ್ತಾಪ ಪಡಲು ಅವನಿಗೆ ಸಮಯವಿತ್ತು ಎಂದು ಅವರು ಆಕೆಯನ್ನು ಸಂತೈಸಿದರಂತೆ.

ಇದೂ ಒಂದು ‘ಅಂತೆ’ಯೇ. ಆದರೂ ವ್ಯತ್ಯಾಸ ನೋಡಿ. ಯಾರೂ ಕಾಣದ ಆ ಒಂದು ಕ್ಷಣವನ್ನು ಊರು ಆಪಾದನೆಯಿಂದ ತುಂಬುತ್ತದೆ. ಅದನ್ನೇ ಕರುಣೆಗೆ ಬಿಟ್ಟುಕೊಡಲೂ ಬಹುದು. ಸತ್ತವನ ಕೊನೆಯ ಕ್ಷಣ ನಮ್ಮ ತೆರೆಯ ಮೇಲೆ ಬರುವುದಿಲ್ಲ. ಅದನ್ನು ಕಂಡವನು ದೇವರೊಬ್ಬನೇ, ತೀರ್ಪು ಹೇಳಬೇಕಾದವನೂ ಅವನೇ.

ಹುಡುಗರು ಸಿನಿಮಾದ ಬಗ್ಗೆ ವಾದ ಮಾಡಲಿ. ಒಂದೇ ದೃಶ್ಯವನ್ನು ನಾಲ್ವರು ನಾಲ್ಕು ಬಗೆಯಲ್ಲಿ ಕಂಡರು ಎಂಬುದು ಆ ವಾದದಲ್ಲೇ ಅವರಿಗೆ ತಿಳಿಯುತ್ತದೆ. ಅದೂ ಒಂದು ಪಾಠವೇ. ಆದರೆ ನೆರೆಮನೆಯ ಬಾವಿಯ ಮಾತು ಬಂದಾಗ, ಕಥೆ ಕಟ್ಟಿದವರೇ ಹೇಳಿದ ಆ ಸಣ್ಣ ಉತ್ತರವನ್ನು ನಾವೂ ಕಲಿಯೋಣ: ಗೊತ್ತಿಲ್ಲ. ಹಾಗೆಂದು ಸುಮ್ಮನೆ ಮನೆಗೆ ಹೋಗುವುದೂ ಬೇಡ. ಆ ಮನೆಯ ಬಾಗಿಲು ತಟ್ಟಿ, ಮಕ್ಕಳು ಉಂಡರೇ ಎಂದು ಕೇಳೋಣ. ಉತ್ತರ ಸಿಗುವ ಪ್ರಶ್ನೆ ಅದು.