ಮುಲಾಜು ಎಂಬ ಮಾತು

ಬಿ.ಟಿ.ಎಂ. ಲೇಔಟಿನ ಹೊರ ವರ್ತುಲ ರಸ್ತೆಯಲ್ಲಿ ನಡೆಯುತ್ತಲೇ ಇರುವ ಒಂದು ತಪ್ಪಿದೆ. ಬನಶಂಕರಿಗೆ ಹೋಗಬೇಕಾದವರು ರಸ್ತೆಯ ಎದುರು ಬದಿಯಲ್ಲಿ ನಿಂತು, 500 ಎಂಬ ನಂಬರು ಕಂಡೊಡನೆ ಹತ್ತಿ, ಸಿಲ್ಕ್ ಬೋರ್ಡ್ ಕಡೆಗೆ ಹೊರಟುಬಿಡುತ್ತಾರೆ. ಆ ನಂಬರಿನ ಪಕ್ಕದ ಒಂದೇ ಅಕ್ಷರ ಬಸ್ಸಿನ ದಾರಿಯನ್ನು ಬದಲಿಸುತ್ತದೆ ಎಂಬುದು ಓದು ಬಾರದ ಕೂಲಿಯವರಿಗಾಗಲಿ, ಕಣ್ಣು ಮಂದವಾದ ಅಜ್ಜಿಗಾಗಲಿ ತಿಳಿಯುವುದು ಹೇಗೆ? "ಇದು ಬನಶಂಕರಿಗೆ ಹೋಗಲ್ಲಮ್ಮ" ಎಂದು ನಿರ್ವಾಹಕ ಹೇಳುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

1988ರ ಮೋಟಾರು ವಾಹನ ಕಾಯ್ದೆಯಂತೆ ಟಿಕೆಟಿಲ್ಲದ ಪ್ರಯಾಣಕ್ಕೆ 500 ರೂಪಾಯಿವರೆಗೆ ದಂಡವಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಶೂನ್ಯ ಟಿಕೆಟ್ ಪಡೆಯಲು ಮಹಿಳೆಯರು ಗುರುತಿನ ಚೀಟಿ ತೋರಿಸಬೇಕು. ನಿಯಮಗಳು ಬೇಕೇ ಬೇಕು. ಆದರೆ ಮೋಸ ಯಾವುದು, ಮರೆವು ಯಾವುದು ಎಂಬುದು ನಿಯಮಕ್ಕೆ ಕಾಣುವುದಿಲ್ಲ. ಅದನ್ನು ಕಾಣಬೇಕಾದವರು ಟಿಕೆಟ್ ಹಿಡಿದ ನಿರ್ವಾಹಕ ಮತ್ತು ಬಾಗಿಲು, ಬ್ರೇಕು ಕೈಯಲ್ಲಿರುವ ಚಾಲಕ.

"ಮುಲಾಜಿಲ್ಲದೆ ಕ್ರಮ ಕೈಗೊಳ್ಳುತ್ತೇವೆ" ಎಂದು ಅಧಿಕಾರಿಗಳು ಹೇಳಿದಾಗ ನಾವು ಮೆಚ್ಚುತ್ತೇವೆ. ಈ ಮುಲಾಜು ಉರ್ದುವಿನ ಮುಲಾಹಜಾದ ಬಂಧು. ಅಲ್ಲಿ ಅದಕ್ಕೆ ಗಮನವಿಟ್ಟು ನೋಡುವುದು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಆ ನೋಟ ಕಳಚಿ ದಾಕ್ಷಿಣ್ಯ ಮಾತ್ರ ಉಳಿದಿದೆ. ಹಾಗಾದರೆ ಮುಲಾಜಿಲ್ಲದವನು ನ್ಯಾಯವಂತನೋ, ನೋಡದೆಯೇ ತೀರ್ಪು ಕೊಡುವವನೋ?

ಹಾಗೆಂದು ಕನಿಕರವೆಲ್ಲ ಒಳ್ಳೆಯದೂ ಅಲ್ಲ. ನಡುರಸ್ತೆಯಲ್ಲಿ ಬಾಗಿಲು ತೆರೆದರೆ ಎಡಗಡೆಯಿಂದ ನುಗ್ಗಿಬರುವ ಸ್ಕೂಟರಿಗೆ ಇಳಿಯುವವರು ಸಿಕ್ಕಾರು. ಚಾಲಕ ತನ್ನದಾದುದನ್ನು ಕೊಡಬಹುದು: ಒಂದು ಒಳ್ಳೆಯ ಮಾತು, ತಡವಾದುದಕ್ಕೆ ಮೇಲಿನವರಿಂದ ಕೇಳಬೇಕಾದ ಬೈಗುಳ. ಇನ್ನೊಬ್ಬರ ಜೀವವನ್ನು ಪಣಕ್ಕಿಡುವ ಹಕ್ಕು ಅವನಿಗಿಲ್ಲ. ಮುಂದಿನ ನಿಲ್ದಾಣದಲ್ಲಿ ನಿಧಾನವಾಗಿ ಇಳಿಯಗೊಟ್ಟು, "ರಸ್ತೆ ದಾಟಿ ಆ ಕಡೆ ನಿಲ್ಲಿ, ಕೇಳಿಕೊಂಡು ಹತ್ತಿ" ಎಂದರೆ ಅದೇ ದೊಡ್ಡ ಉಪಕಾರ.

ಇದಕ್ಕಿಂತ ಕಠಿಣವಾದ ಪ್ರಶ್ನೆ, ಈ ಉಪಕಾರ ಯಾರಿಗೆ ಎಂಬುದು. ಜಯನಗರದಲ್ಲಿ ಅಚ್ಚಗನ್ನಡದಲ್ಲಿ ವಿಚಾರಿಸಿದ ಹಿರಿಯರಿಗೆ ಸಿಕ್ಕ ತಾಳ್ಮೆ, ಹಿಂದಿಯಲ್ಲಿ ತಡವರಿಸುವ ಕಟ್ಟಡ ಕೆಲಸದ ಹುಡುಗನಿಗೂ ಬುರ್ಖಾ ತೊಟ್ಟ ತಾಯಿಗೂ ಸಿಗುತ್ತದೆಯೇ? ಸಿಗದಿದ್ದರೆ ಅದು ಕರುಣೆಯಲ್ಲ, ತನ್ನವರೆಂಬ ದಾಕ್ಷಿಣ್ಯ. ಗಮನವಿಟ್ಟು ನೋಡಬೇಕಾದುದು ಆಗಿರುವ ತಪ್ಪನ್ನು. ತಪ್ಪಿದವರ ಭಾಷೆಯನ್ನೋ ಉಡುಪನ್ನೋ ಅಲ್ಲ.

ಕೊನೆಯದಾಗಿ, ಅಜ್ಜಿ ಮೆಟ್ಟಿಲಿಳಿಯಲು ಹಿಡಿಯುವ ಆ ಒಂದು ನಿಮಿಷ ಚಾಲಕನೊಬ್ಬನದಲ್ಲ. ಬಸ್ಸಿನಲ್ಲಿ ಕುಳಿತ ನಮ್ಮೆಲ್ಲರದು. "ನಡೀರಿ ಸ್ವಾಮಿ, ಹೊತ್ತಾಯ್ತು" ಎಂಬ ಕೂಗು ಹಿಂದಿನ ಸೀಟುಗಳಿಂದ ಎದ್ದರೆ ಎಂಥ ಸಹೃದಯ ಚಾಲಕನೂ ಗೇರು ಬದಲಿಸುತ್ತಾನೆ. ಅವನಿಂದ ಕರುಣೆಯನ್ನು ಬಯಸುವ ನಾವು ಮೊದಲು ಆ ನಿಮಿಷವನ್ನು ಬಿಟ್ಟುಕೊಡಬೇಕು.